ಪಲ್ಟನ್ನಿನ ಧರ್ಮಗುರು ಯಾರ ಕಡೆ?

(ಮಂಗಳೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಮಾಜಿ ಸೈನಿಕರು ಸೇರಿದ್ದ ಒಂದು ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ನಡೆದ ಪ್ರಶ್ನೋತ್ತರವನ್ನೂ ಸ್ವಲ್ಪ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಮ್ಮ ದಕ್ಕೆಯಲ್ಲಿ ಹೊಸ ಬೋಟು ನೀರಿಗಿಳಿಯುವುದನ್ನು ನೀವೆಲ್ಲ ನೋಡಿರುತ್ತೀರಿ. ಭಟ್ರು ಬರುತ್ತಾರೆ, ಪೂಜೆ ಮಾಡುತ್ತಾರೆ, ಕಾಯಿ ಒಡೆಯುತ್ತಾರೆ. ಕ್ರಿಶ್ಚಿಯನ್ನರ ಬೋಟಾದರೆ ಫಾದರ್ ಬಂದು ಆಶೀರ್ವಾದ ಮಾಡುತ್ತಾರೆ. ಬ್ಯಾರಿಗಳದ್ದಾದರೆ ಉಸ್ತಾದರು ದುವಾ ಮಾಡುತ್ತಾರೆ. ಆಮೇಲೆ ಬೋಟು ಕಡಲಿಗೆ, ಅವರು ಮನೆಗೆ. ಇದರಲ್ಲಿ ತಪ್ಪೇನೂ ಇಲ್ಲ, ಅವರ ಕೆಲಸ ಅಲ್ಲಿಗೆ ಮುಗಿಯಿತು. ಇವತ್ತು ನಾನು ಮಾತಾಡಲಿರುವುದು, ಆಶೀರ್ವಾದ ಮಾಡಿ ತಾನೂ ಬೋಟು ಹತ್ತಿ ಕೂರುವ ಧರ್ಮಗುರುಗಳ ಬಗ್ಗೆ. ಸೈನ್ಯದ ಜೊತೆ ಯುದ್ಧಕ್ಕೆ ಹೋಗುವ ಪಂಡಿತರು, ಪಾದ್ರಿಗಳು, ಮೌಲ್ವಿಗಳು, ಸಿಖ್ಖರ ಗ್ರಂಥಿಗಳು, ಯಹೂದಿಗಳ ರಬ್ಬಿಗಳು.

ಮುಂದಿನ ಸಾಲಿನಲ್ಲಿ ಕೂತಿರುವ ಮಾಜಿ ಸೈನಿಕರಿಗೆ ಇವರ ಪರಿಚಯ ಚೆನ್ನಾಗಿಯೇ ಇದೆ. ವಿದ್ಯಾರ್ಥಿಗಳಿಗೆ ಗೊತ್ತಿರಲಿಕ್ಕಿಲ್ಲ. ನಮ್ಮ ಭೂಸೇನೆಯಲ್ಲಿ ಧರ್ಮಗುರು ಅನ್ನುವ ಹುದ್ದೆಯೇ ಇದೆ. ಸೇರುವಾಗ ನಾಯಬ್ ಸುಬೇದಾರ್ ದರ್ಜೆ, ಅಂದರೆ ಜವಾನರಿಗೂ ಆಫೀಸರುಗಳಿಗೂ ನಡುವಿನ ಜೆಸಿಒ. ಹಾಗಾಗಿ ಜವಾನರ ಬಾಯಲ್ಲಿ ಅವರು ಪಂಡಿತ್‌ಜಿ, ಮೌಲ್ವಿ ಸಾಬ್, ಪಾದ್ರಿ ಸಾಬ್, ಗ್ರಂಥಿ ಸಾಬ್. ಲಡಾಖ್ ಸ್ಕೌಟ್ಸ್‌ಗೆ ಬೌದ್ಧ ಭಿಕ್ಷುಗಳನ್ನೂ ತೆಗೆದುಕೊಳ್ಳುತ್ತಾರೆ. ಡಿಗ್ರಿ ಆಗಿರಬೇಕು, ಜೊತೆಗೆ ಅವರವರ ಧರ್ಮದ ಓದು ಆಗಿರಬೇಕು. ಪಾದ್ರಿಗೆ ದೀಕ್ಷೆ ಆಗಿರಬೇಕು, ಸ್ಥಳೀಯ ಬಿಷಪರ ಒಪ್ಪಿಗೆಯ ಪಟ್ಟಿಯಲ್ಲಿ ಹೆಸರಿರಬೇಕು. ಪುಣೆಯ ರಾಷ್ಟ್ರೀಯ ಭಾವೈಕ್ಯ ಸಂಸ್ಥೆಯಲ್ಲಿ ಅವರಿಗೆ ತರಬೇತಿ. ಅಲ್ಲಿ ಒಬ್ಬರು ಇನ್ನೊಬ್ಬರ ಧರ್ಮವನ್ನೂ ಕಲಿಯುತ್ತಾರೆ. ಯಾಕೆಂದರೆ ಎಷ್ಟೋ ಕಡೆ ಒಂದೇ ಸೂರಿನಡಿ ಎಲ್ಲರ ಪ್ರಾರ್ಥನೆ ನಡೆಯುವ ಸರ್ವಧರ್ಮ ಸ್ಥಳ ಇರುತ್ತದೆ.

ಕೆಲಸ ಏನು ಅಂತ ಕೇಳಿದರೆ ಪೂಜೆ, ನಮಾಜು, ಹಬ್ಬ ಅಂದುಕೊಳ್ಳುತ್ತೇವೆ. ಸೇನೆಯ ನೇಮಕಾತಿ ಪ್ರಕಟಣೆ ಒಮ್ಮೆ ಓದಿ ನೋಡಿ. ಅಂತ್ಯಕ್ರಿಯೆ ನೋಡಿಕೊಳ್ಳುವುದು, ಆಸ್ಪತ್ರೆಯಲ್ಲಿರುವವರನ್ನು ಕಾಣುವುದು, ಚೇತರಿಸಿಕೊಳ್ಳುತ್ತಿರುವವರ ಜೊತೆ ಪ್ರಾರ್ಥನೆ ಮಾಡುವುದು, ಶಿಕ್ಷೆ ಅನುಭವಿಸುತ್ತಿರುವ ಸೈನಿಕರನ್ನು ಭೇಟಿ ಮಾಡುವುದು, ಅವರ ಹೆಂಡತಿ ಮಕ್ಕಳ ಯೋಗಕ್ಷೇಮ ವಿಚಾರಿಸುವುದು, ಇವೆಲ್ಲ ಅದರಲ್ಲಿವೆ. ಶಿಕ್ಷೆಗೆ ಒಳಗಾದವನನ್ನು ಹೋಗಿ ನೋಡುವುದೂ ಒಂದು ಡ್ಯೂಟಿ ಎಂದು ಬರೆದಿಟ್ಟಿದ್ದಾರಲ್ಲ, ಅದು ನನಗೆ ತುಂಬಾ ಹಿಡಿಸಿತು. ಪಲ್ಟನ್ನಿನಲ್ಲಿ ತಪ್ಪು ಮಾಡಿದವನ ಹತ್ತಿರ ಯಾರೂ ಸುಳಿಯುವುದಿಲ್ಲ. ಸುಳಿದರೂ ವಿಚಾರಣೆಗೇ. ಯಾವ ರಿಪೋರ್ಟೂ ಬರೆಯದೆ ಸುಮ್ನೆ ಬಂದು ಕೂರುವವನು ಇವನೊಬ್ಬನೇ.

ಹೊಸ ಸಿಪಾಯಿಯ ಜೊತೆ ಧರ್ಮಗುರುವಿನ ಸಂಬಂಧ ಶುರುವಾಗುವುದು ಕಸಂ ಪರೇಡಿನಲ್ಲಿ. ಗೀತೆ, ಕುರಾನ್, ಬೈಬಲ್, ಗುರು ಗ್ರಂಥ ಸಾಹಿಬ್, ಅವರವರ ಗ್ರಂಥದ ಮುಂದೆ, ರಾಷ್ಟ್ರಧ್ವಜದ ಎದುರು ಹುಡುಗರು ಪ್ರಮಾಣ ಮಾಡುತ್ತಾರೆ. ಹೋಗು ಅಂದ ಕಡೆ ಹೋಗುತ್ತೇನೆ, ಪ್ರಾಣ ಹೋದರೂ ಸರಿ ಅಂತ. ಆ ಮಾತು ಆಡಿಸುವವನು ಧರ್ಮಗುರು. ಹಾಗಾದರೆ ಆಡಿಸಿದವನಿಗೂ ಒಂದು ಋಣ ಬಿತ್ತು, ಅಲ್ವಾ? ಪ್ರಮಾಣ ಮಾಡಿಸಿ ತಾನು ಹಿಂದೆ ಉಳಿಯಬಹುದೇ? ನನ್ನ ಇವತ್ತಿನ ಮಾತೆಲ್ಲ ಈ ಋಣದ ಸುತ್ತಲೇ.

ನಮ್ಮ ಭಾಗದ ಮನೆಗಳ ಕಡೆಯಿಂದ ನೋಡೋಣ. ಗಡಿಯಿಂದ ತ್ರಿವರ್ಣ ಹೊದಿಸಿದ ಪೆಟ್ಟಿಗೆ ಬಜ್ಪೆ ವಿಮಾನ ನಿಲ್ದಾಣದಲ್ಲಿ ಬಂದಿಳಿದಾಗ ಮನೆಯವರ ಮನಸ್ಸಿನಲ್ಲಿ ಏನಿರುತ್ತದೆ? ಪರಿಹಾರ, ಪದಕ ಎಲ್ಲ ಆಮೇಲಿನ ಮಾತು. ಕೊನೆಗಳಿಗೆಯಲ್ಲಿ ಅವನ ಹತ್ತಿರ ಯಾರಿದ್ದರು? ಬಾಯಿಗೆ ಒಂದು ತೊಟ್ಟು ನೀರಾದರೂ ಬಿಟ್ಟರಾ? ಕ್ಯಾಥೋಲಿಕ್ ಮನೆಯಾದರೆ, ಕೊನೆಯ ಸಂಸ್ಕಾರ ಸಿಕ್ಕಿತಾ? ಮುಸ್ಲಿಂ ಮನೆಯಾದರೆ, ಕಿವಿಯಲ್ಲಿ ಕಲಿಮಾ ಹೇಳಿದವರು ಇದ್ದರಾ? ಕದ್ರಿಯ ಯುದ್ಧ ಸ್ಮಾರಕದಲ್ಲಾಗಲಿ, ಉಡುಪಿಯ ಅಜ್ಜರಕಾಡಿನ ಹುತಾತ್ಮ ಸ್ಮಾರಕದಲ್ಲಾಗಲಿ ನಾವು ಹೂ ಇಟ್ಟು ಸೆಲ್ಯೂಟ್ ಹೊಡೆಯುತ್ತೇವೆ. ಆದರೆ ಈ ಪ್ರಶ್ನೆಗೆ ಕಲ್ಲಿನಲ್ಲಿ ಉತ್ತರ ಸಿಗುವುದಿಲ್ಲ.

ಕೆಲವು ಸಲ ಇತಿಹಾಸದಲ್ಲಿ ಸಿಗುತ್ತದೆ. 1914ರ ಆಗಸ್ಟ್, ಫ್ರಾನ್ಸಿನ ಪೂರ್ವದ ಬೆಟ್ಟಗಾಡು. ಲಿಯೋನ್ ನಗರದ ಮುಖ್ಯ ರಬ್ಬಿ ಅಬ್ರಹಾಂ ಬ್ಲೋಕ್ ಫ್ರೆಂಚ್ ಸೈನ್ಯದ ಜೊತೆ ಹೋಗಿದ್ದರು. ಗಾಯಾಳುಗಳನ್ನು ಹೊತ್ತು ತರುವ ಕೆಲಸದಲ್ಲಿದ್ದರು. ಸಾಯುತ್ತಿದ್ದ ಒಬ್ಬ ಕ್ಯಾಥೋಲಿಕ್ ಸೈನಿಕ ಅವರನ್ನೇ ಪಾದ್ರಿ ಅಂದುಕೊಂಡ. ಶಿಲುಬೆ ಕೊಡಿ ಎಂದು ಕೇಳಿದ. ರಬ್ಬಿ ಎಲ್ಲಿಂದಲೋ ಒಂದು ಶಿಲುಬೆ ಹುಡುಕಿ ತಂದು ಅವನ ಮುಂದೆ ಹಿಡಿದರು. ಅದಾಗಿ ಸ್ವಲ್ಪ ಹೊತ್ತಿಗೆ ಅವರಿಗೂ ಗುಂಡಿನ ಏಟು ಬಿತ್ತು. ಆಗಸ್ಟ್ 29ರಂದು ಅವರು ತೀರಿಕೊಂಡರು. ಶಿಲುಬೆಯ ಸಂಗತಿ ಹೊರಗೆ ಬಂದದ್ದು ಜೆಸ್ಯುಯಿಟ್ ಎಂಬ ಕ್ಯಾಥೋಲಿಕ್ ಗುರುಸಂಘದ ಒಬ್ಬ ಪಾದ್ರಿಯ ಪತ್ರದಿಂದ. ಜೆಸ್ಯುಯಿಟರು ಕಟ್ಟಿದ ಅಲೋಶಿಯಸ್ ಕಾಲೇಜಿನ ಊರಿನವರಾದ ನಮಗೆ ಇದು ನೆನಪಿರಲಿ ಅನ್ನುವುದು ನನ್ನ ಆಸೆ.

ಆ ರಬ್ಬಿ ಮಾಡಿದ್ದು ಸರಿಯೇ ಎಂದು ಧರ್ಮಶಾಸ್ತ್ರ ಓದಿದವರು ಚರ್ಚೆ ಮಾಡಬಹುದು. ಸಾಯುತ್ತಿರುವವನಿಗೆ 'ತಡಿಯಪ್ಪ, ನಾನು ನಿಮ್ಮವನಲ್ಲ' ಅನ್ನಲು ನನ್ನ ಬಾಯಂತೂ ಬರುವುದಿಲ್ಲ.

ಕಾನೂನಿನ ವಿಚಾರ ಬೇಗ ಹೇಳಿ ಮುಗಿಸುತ್ತೇನೆ. 1864ರ ಮೊದಲ ಜಿನೀವಾ ಒಪ್ಪಂದದಲ್ಲೇ ಡಾಕ್ಟರುಗಳ ಜೊತೆ ಸೈನ್ಯದ ಪಾದ್ರಿಗಳ ಹೆಸರೂ ಇತ್ತು. ಅವರ ಮೇಲೆ ಗುಂಡು ಹಾರಿಸುವಂತಿಲ್ಲ. 1949ರ ಒಪ್ಪಂದಗಳು ಇನ್ನೂ ಸ್ಪಷ್ಟ. ಧರ್ಮಗುರು ಹೋರಾಟಗಾರನಲ್ಲ. ಶತ್ರುವಿನ ಕೈಗೆ ಸಿಕ್ಕರೂ ಅವನು ಯುದ್ಧಕೈದಿ ಅಲ್ಲ. ತನ್ನ ಕಡೆಯ ಕೈದಿಗಳಿಗೆ ಅವನ ಅಗತ್ಯ ಇರುವಷ್ಟು ಕಾಲ ಮಾತ್ರ ಇಟ್ಟುಕೊಳ್ಳಬಹುದು, ಆಮೇಲೆ ವಾಪಸ್ ಕಳಿಸಬೇಕು. ತೋಳಿಗೆ ರೆಡ್ ಕ್ರಾಸ್ ಪಟ್ಟಿ ಕಟ್ಟಿಕೊಳ್ಳುವ ಹಕ್ಕು ಅವನಿಗಿದೆ. ಇದು ಪುಸ್ತಕದಲ್ಲಿರುವ ಮಾತು. ಗುಂಡಿಗೆ ಪಟ್ಟಿ ಕಾಣುವುದಿಲ್ಲ.

ಈಗ ಅಫ್ಘಾನಿಸ್ತಾನ. 1879ರ ಡಿಸೆಂಬರ್ 11. ಕಾಬೂಲಿನ ಹತ್ತಿರ ಕಿಲ್ಲಾ ಕಾಜಿ ಅನ್ನುವ ಜಾಗ. ಬ್ರಿಟಿಷ್ ಕುದುರೆ ಪಡೆ ಸೋತು ಹಿಂದೆ ಸರಿಯುತ್ತಿತ್ತು. ಒಂಬತ್ತನೇ ಲ್ಯಾನ್ಸರ್ಸ್ ಎಂಬ ಕುದುರೆ ರೆಜಿಮೆಂಟಿನ ಕೆಲವರು ಕುದುರೆ ಸಮೇತ ಆಳವಾದ ಹಳ್ಳಕ್ಕೆ ಬಿದ್ದರು. ಕುದುರೆಗಳು ಅವರ ಮೇಲೆ, ಅವರು ನೀರಿನಲ್ಲಿ. ಅಫ್ಘಾನರು ತೀರಾ ಹತ್ತಿರ ಬಂದಾಗಿತ್ತು. ಅದೇ ದಾರಿಯಲ್ಲಿ ಇದ್ದವರು ಜೇಮ್ಸ್ ವಿಲಿಯಮ್ಸ್ ಆಡಮ್ಸ್, ಸೈನ್ಯದ ಜೊತೆಗಿದ್ದ ಪಾದ್ರಿ. ಅವರು ತಮ್ಮ ಕುದುರೆಯನ್ನು ಬಿಟ್ಟುಬಿಟ್ಟು ಸೊಂಟದವರೆಗಿನ ನೀರಿಗೆ ಹಾರಿದರು. ಅಡಿಯಲ್ಲಿ ಸಿಕ್ಕಿಕೊಂಡವರನ್ನು ಎಳೆದು ಎಳೆದು ಹೊರಗೆ ಹಾಕಿದರು. ಆಮೇಲೆ ಕುದುರೆ ಇಲ್ಲದೆ ನಡೆದೇ ಪಾರಾದರು. ಅವರಿಗೆ ಬ್ರಿಟಿಷರ ಅತ್ಯುನ್ನತ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಕೊಡೋಣ ಅಂದರೆ ನಿಯಮ ಅಡ್ಡ ಬಂತು. ಅವರು ಸೈನಿಕರಲ್ಲ, ಭಾರತದಲ್ಲಿನ ಬ್ರಿಟಿಷ್ ಸರ್ಕಾರದ ಚರ್ಚ್ ಇಲಾಖೆಯ ನೌಕರರು. ಕೊನೆಗೆ ನಿಯಮವನ್ನೇ ಬದಲಿಸಿ 1881ರಲ್ಲಿ ಕೊಟ್ಟರು. ಆ ಪದಕ ಪಡೆದ ಮೊದಲ ಪಾದ್ರಿ ಅವರೇ.

ಸೈನ್ಯಗಳಿಗೆ ಧರ್ಮಗುರು ಬೇಕು, ಆದರೆ ಅವನನ್ನು ಎಲ್ಲಿ ನಿಲ್ಲಿಸಬೇಕು ಅನ್ನುವುದು ತುಂಬಾ ಕಾಲ ಗೊತ್ತಿರಲಿಲ್ಲ. ಮೊದಲ ಮಹಾಯುದ್ಧದ ಶುರುವಿನಲ್ಲಿ ಬ್ರಿಟಿಷ್ ಸೈನ್ಯ ಆಂಗ್ಲಿಕನ್, ಅಂದರೆ ಇಂಗ್ಲೆಂಡಿನ ಚರ್ಚಿನ, ಪಾದ್ರಿಗಳನ್ನು ಹಿಂದೆಯೇ ಇರಿಸುತ್ತಿತ್ತು. ಭಾನುವಾರದ ಪ್ರಾರ್ಥನೆ ಮಾಡಿಸಿ, ಹೆಣ ಹೂಳಿ, ಸಾಕು. ಮುಂಚೂಣಿಯಲ್ಲಿ ಅಡ್ಡ ಬರಬೇಡಿ. ಇದನ್ನು ಒಡೆದವರಲ್ಲಿ ಇಬ್ಬರ ಹೆಸರು ಹೇಳಬೇಕು. ಒಬ್ಬರು ಜೆಫ್ರಿ ಸ್ಟಡರ್ಟ್ ಕೆನಡಿ. ವುಡ್‌ಬೈನ್ ಸಿಗರೇಟು ಹಂಚುತ್ತಿದ್ದ ಕಾರಣ ಸೈನಿಕರು ಅವರನ್ನು ವುಡ್‌ಬೈನ್ ವಿಲ್ಲಿ ಅಂತಲೇ ಕರೆದರು. ಇನ್ನೊಬ್ಬರು ಥಿಯೋಡರ್ ಬೇಲಿ ಹಾರ್ಡಿ.

ಹಾರ್ಡಿಯವರ ಮೇಲೆ ನನಗೆ ವಿಶೇಷ ಗೌರವ. ಸ್ಕೂಲಿನಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು, ಆಮೇಲೆ ಒಂದು ಹಳ್ಳಿಯ ಚರ್ಚಿನಲ್ಲಿದ್ದರು. 1914ರಲ್ಲಿ ಹೆಂಡತಿ ತೀರಿಕೊಂಡರು. ಸೈನ್ಯಕ್ಕೆ ಬರುತ್ತೇನೆ ಅಂದಾಗ ವಯಸ್ಸಾಯಿತು ಎಂದು ಬೇಡ ಅಂದರು. ಪಟ್ಟು ಬಿಡದೆ 1916ರಲ್ಲಿ ಫ್ರಾನ್ಸಿಗೆ ಹೋದರು. ಆಗ ವಯಸ್ಸು 50 ದಾಟಿತ್ತು. ಅಲ್ಲಿ ಕೆನಡಿ ಹಾರ್ಡಿಗೆ ಕೊಟ್ಟ ಸಲಹೆ ಸರಳವಾಗಿತ್ತು. ಸೈನಿಕರ ಜೊತೆಗೇ ಇರಿ, ಅವರು ಹೋದಲ್ಲೆಲ್ಲ ಹೋಗಿ, ಅವರ ಅಪಾಯದಲ್ಲಿ ಪಾಲು ತೆಗೆದುಕೊಳ್ಳಿ.

ಹಾರ್ಡಿ ಅದನ್ನು ಅಕ್ಷರಶಃ ಪಾಲಿಸಿದರು. ರಾತ್ರಿ ಕತ್ತಲಲ್ಲಿ ಕಂದಕಗಳ ನಡುವೆ ಓಡಾಡುವಾಗ ಕಾವಲಿನವರು ಗಾಬರಿಯಾಗದಿರಲಿ ಅಂತ 'ನಾನೇ ಮಾರಾಯ್ರೆ' ಅನ್ನುವ ಧಾಟಿಯಲ್ಲಿ ಒಂದು ಮಾತು ಹೇಳಿಕೊಂಡು ಬರುತ್ತಿದ್ದರು. ಆ ಮಾತೇ ಅವರ ಗುರುತಾಯಿತು. 1917ರಲ್ಲಿ ಕೆಸರಿನ ಯುದ್ಧ. ನಮ್ಮ ಆಟಿ ತಿಂಗಳ ಗದ್ದೆ ಕೆಸರಲ್ಲ. ಶೆಲ್ ಬಿದ್ದ ಗುಂಡಿಗಳಲ್ಲಿ ಮನುಷ್ಯರು ಮುಳುಗಿ ಸಾಯುವಂಥ ಕೆಸರು. ಒಬ್ಬ ಸೈನಿಕ ಅದರಲ್ಲಿ ಹೂತುಹೋಗಿದ್ದ. ಎಷ್ಟು ಎಳೆದರೂ ಬರುವಂತಿರಲಿಲ್ಲ. ಮೇಲೆ ಗುಂಡಿನ ಮಳೆ. ಹಾರ್ಡಿ ಅವನ ಪಕ್ಕದಲ್ಲೇ ಉಳಿದರು. ಅವನು ಸಾಯುವ ತನಕ ಉಳಿದರು. ಅವರ ಮಣಿಕಟ್ಟು ಮುರಿದಿದ್ದ ಸಮಯ ಅದು. ಅವನನ್ನು ಬದುಕಿಸಲು ಅವರಿಂದ ಆಗಲಿಲ್ಲ, ಯುದ್ಧದ ಗತಿ ಒಂದಿಂಚೂ ಬದಲಾಗಲಿಲ್ಲ. ಲೆಕ್ಕ ಹಾಕಿದರೆ ಆ ಹೊತ್ತು ದಂಡ. ನನ್ನನ್ನು ಕೇಳಿದರೆ, ಈ ಕೆಲಸದ ತಿರುಳೆಲ್ಲ ಆ ಹೊತ್ತಿನಲ್ಲೇ ಇದೆ.

1918ರಲ್ಲಿ ಅವರಿಗೂ ವಿಕ್ಟೋರಿಯಾ ಕ್ರಾಸ್ ಬಂತು. ರಾಜ ಐದನೇ ಜಾರ್ಜ್ ಅವರನ್ನು ತನ್ನ ಪಾದ್ರಿಯಾಗಿ ನೇಮಿಸಿದ. ಹಾಗಾದರೂ ಮನೆಗೆ ಮರಳಲಿ ಅಂತ. ಅವರು ಮರಳಲಿಲ್ಲ. ಅಕ್ಟೋಬರಿನಲ್ಲಿ ಗುಂಡು ತಗಲಿ, 18ನೇ ತಾರೀಕು ತೀರಿಕೊಂಡರು. ಯುದ್ಧ ಮುಗಿಯಲು ಒಂದು ತಿಂಗಳೂ ಇರಲಿಲ್ಲ.

ಅದೇ ಯುದ್ಧದಲ್ಲಿ ನಮ್ಮವರೂ ಫ್ರಾನ್ಸಿನಲ್ಲಿ ಸತ್ತರು. ಗಾಯಗೊಂಡವರನ್ನು ಇಂಗ್ಲೆಂಡಿನ ಬ್ರೈಟನ್‌ಗೆ ತಂದರು. 1914ರ ಕೊನೆಯಿಂದ ಅಲ್ಲಿನ ರಾಯಲ್ ಪೆವಿಲಿಯನ್ ಅರಮನೆಯೇ ಭಾರತೀಯ ಸೈನಿಕರ ಆಸ್ಪತ್ರೆ. ಜಾತಿ ಧರ್ಮ ನೋಡಿ ಒಂಬತ್ತು ಅಡುಗೆಮನೆ ಮಾಡಿದ್ದರು. ಹಿಂದೂಗಳಿಗೂ ಮುಸ್ಲಿಮರಿಗೂ ಬೇರೆ ಬೇರೆ ನಲ್ಲಿ. ಸಿಖ್ಖರಿಗೆ ಹುಲ್ಲುಹಾಸಿನ ಮೇಲೆ ಡೇರೆ ಹಾಕಿ ಗುರುದ್ವಾರ. ಮುಸ್ಲಿಮರಿಗೆ ನಮಾಜಿಗೆ ಜಾಗ. ಬ್ರಿಟಿಷರಿಗೆ ಇದರಲ್ಲಿ ರಾಜಕೀಯ ಲಾಭವೂ ಇತ್ತು, 1857ರ ಭಯ ಇನ್ನೂ ಹೋಗಿರಲಿಲ್ಲ. ಇರಲಿ. ಸತ್ತ ಹಿಂದೂ ಮತ್ತು ಸಿಖ್ ಸೈನಿಕರಲ್ಲಿ 53 ಮಂದಿಯನ್ನು ಊರ ಹೊರಗಿನ ಗುಡ್ಡದ ಮೇಲೆ ಚಿತೆ ಒಟ್ಟಿ ದಹನ ಮಾಡಿದರು. ಬೂದಿಯನ್ನು ಸಮುದ್ರಕ್ಕೆ ಬಿಟ್ಟರು. ಆ ಜಾಗದಲ್ಲಿ ಈಗ ಛತ್ರಿ ಎಂಬ ಬಿಳಿ ಅಮೃತಶಿಲೆಯ ಸ್ಮಾರಕ ಇದೆ, 1921ರಲ್ಲಿ ಉದ್ಘಾಟನೆ ಆಯಿತು. ಮುಸ್ಲಿಂ ಸೈನಿಕರನ್ನು ವೋಕಿಂಗ್‌ನಲ್ಲಿ, ಮಸೀದಿಯ ಊರಿನಲ್ಲೇ, ದಫನ್ ಮಾಡಿದರು. ಪಂಜಾಬಿನ, ಗಢವಾಲಿನ ಯಾವುದೋ ಹಳ್ಳಿಯ ತಾಯಿಗೆ 'ವಿಧಿ ಪ್ರಕಾರ ಆಯಿತು' ಎಂದು ಹೇಳಲು ಸಾಧ್ಯವಾಯಿತಲ್ಲ, ಅದು ಸಣ್ಣ ಮಾತಲ್ಲ.

ಆ ಯುದ್ಧ ನಮ್ಮ ಮಂಗಳೂರಿನ ಬಲ್ಮಠಕ್ಕೂ ಬಂತು. ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆ ಬಾಸೆಲ್ ಮಿಶನ್ ಇಲ್ಲಿಗೆ ಬಂದದ್ದು 1834ರಲ್ಲಿ. ಹೆಂಚು, ನೇಯ್ಗೆ, ಮುದ್ರಣ, ಶಾಲೆ ಎಲ್ಲ ಕಟ್ಟಿದರು. ಖಾಕಿ ಬಣ್ಣವನ್ನು ಇಲ್ಲಿನ ನೇಯ್ಗೆ ಕಾರ್ಖಾನೆಯಲ್ಲಿ ಹಾಲರ್ ಎಂಬ ಮಿಶನರಿ ತಯಾರಿಸಿದರು ಎಂದು ಊರಿನವರು ಈಗಲೂ ಹೆಮ್ಮೆಯಿಂದ ಹೇಳುತ್ತಾರೆ. 1914ರಲ್ಲಿ ಜರ್ಮನಿ ಜೊತೆ ಯುದ್ಧ ಶುರುವಾದದ್ದೇ ಜರ್ಮನ್ ಪಾದ್ರಿಗಳು ಶತ್ರುಗಳಾದರು. ಅಹಮದ್‌ನಗರದ ಬಂಧನ ಶಿಬಿರಕ್ಕೆ ಜರ್ಮನರನ್ನು ಸಾಗಿಸಿದರು. ಮಿಶನ್ನಿನ ಕಾರ್ಖಾನೆಗಳು ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಯುದ್ಧ ಬಂದಾಗ ಸರ್ಕಾರಕ್ಕೆ ಮೊದಲು ಕಾಣುವುದು ಪಾಸ್‌ಪೋರ್ಟು, ಪಾದ್ರಿಯ ನಿಲುವಂಗಿ ಆಮೇಲೆ.

ಎರಡನೇ ಮಹಾಯುದ್ಧಕ್ಕೆ ಬಂದರೆ ಅಮೆರಿಕದ ಸೈನಿಕರನ್ನು ಒಯ್ಯುತ್ತಿದ್ದ ಡಾರ್ಚೆಸ್ಟರ್ ಹಡಗಿನ ಕಥೆ ಹೆಚ್ಚಿನವರು ಕೇಳಿದ್ದೀರಿ. 1943ರ ಫೆಬ್ರವರಿ 3, ಗ್ರೀನ್‌ಲ್ಯಾಂಡ್ ಹತ್ತಿರದ ಹಿಮದಂಥ ನೀರು, ಜರ್ಮನ್ ಸಬ್‌ಮರೀನಿನ ಟಾರ್ಪೆಡೊ. ಹಡಗಿನಲ್ಲಿದ್ದ 902 ಜನರಲ್ಲಿ ಬದುಕಿದ್ದು ಸುಮಾರು 230. ನಾಲ್ಕು ಜನ ಧರ್ಮಗುರುಗಳು, ಇಬ್ಬರು ಪ್ರೊಟೆಸ್ಟೆಂಟರು, ಒಬ್ಬ ಕ್ಯಾಥೋಲಿಕ್, ಒಬ್ಬ ರಬ್ಬಿ, ತಮ್ಮ ಲೈಫ್ ಜಾಕೆಟ್ ಬಿಚ್ಚಿ ಬೇರೆಯವರಿಗೆ ಕೊಟ್ಟು ಹಡಗಿನ ಜೊತೆಗೇ ಮುಳುಗಿದರು.

ನನಗೆ ಅದಕ್ಕಿಂತ ಜಾಸ್ತಿ ಕಾಡುವುದು ಎಮಿಲ್ ಕಪಾನ್. ಲೈಫ್ ಜಾಕೆಟ್ ಕೊಡುವುದು ಒಂದು ಕ್ಷಣದ ತೀರ್ಮಾನ. ಕಪಾನ್ ಅದನ್ನು ತಿಂಗಳುಗಟ್ಟಲೆ, ದಿನಾ ಬೆಳಿಗ್ಗೆ ಎದ್ದು ಮಾಡಿದರು. ಅಮೆರಿಕದ ಕಾನ್ಸಾಸ್‌ನ ರೈತರ ಮನೆಯ ಹುಡುಗ, ಕ್ಯಾಥೋಲಿಕ್ ಪಾದ್ರಿ. 1950ರ ನವೆಂಬರಿನಲ್ಲಿ ಕೊರಿಯಾದ ಉನ್‌ಸಾನ್‌ನಲ್ಲಿ ಅವರ ತುಕಡಿಯನ್ನು ಚೀನಾದ ಸೈನ್ಯ ಸುತ್ತುವರಿಯಿತು. ತಪ್ಪಿಸಿಕೊಳ್ಳುವ ದಾರಿ ಇತ್ತು, ಗಾಯಾಳುಗಳನ್ನು ಬಿಟ್ಟು ಹೋಗಲಿಲ್ಲ. ಗಾಯಗೊಂಡು ಬಿದ್ದಿದ್ದ ಒಬ್ಬ ಸಾರ್ಜೆಂಟ್‌ನ ತಲೆಗೆ ಚೀನೀ ಸೈನಿಕ ಬಂದೂಕು ಗುರಿ ಇಟ್ಟಿದ್ದ. ಕಪಾನ್ ನಡೆದುಹೋಗಿ ಆ ಬಂದೂಕನ್ನು ಪಕ್ಕಕ್ಕೆ ತಳ್ಳಿ, ಸಾರ್ಜೆಂಟ್‌ನನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು. ಆ ಸೈನಿಕ ಗುಂಡು ಹಾರಿಸಲಿಲ್ಲ. ಯಾಕೋ ಯಾರಿಗೂ ಗೊತ್ತಿಲ್ಲ.

ಕೈದಿಗಳ ಶಿಬಿರದಲ್ಲಿ ಆ ಚಳಿಗಾಲ ಜನ ಹಸಿವಿನಿಂದ, ಆಮಶಂಕೆಯಿಂದ ಸಾಯುತ್ತಿದ್ದರು. ಕಪಾನ್ ಮಾಡಿದ್ದು ಏನು? ಹಾಳುಬಿದ್ದ ಸೂರಿನ ತಗಡು ತಂದು, ಕಲ್ಲಿನಿಂದ ಜಜ್ಜಿ ಪಾತ್ರೆಯಂತೆ ಬಗ್ಗಿಸಿದರು. ಅದರಲ್ಲಿ ಹಿಮ ಕರಗಿಸಿ, ನೀರು ಕಾಯಿಸಿದರು. ಭೇದಿ ಹತ್ತಿದವರ ಹೊಲಸು ಬಟ್ಟೆ ಒಗೆದರು. ಏಳಲಾಗದವರ ಮೈಯಿಂದ ಹೇನು ಹೆಕ್ಕಿದರು. ರಾತ್ರಿ ಕಳ್ಳತನಕ್ಕೆ ಹೋಗಿ ಜೋಳ, ಆಲೂಗಡ್ಡೆ ತಂದು ಎಲ್ಲರಿಗೂ ಹಂಚಿದರು. ಪ್ರಾರ್ಥನೆ ಮಾಡಿಸುವುದಕ್ಕೆ ಅಡ್ಡಿ ಇತ್ತು, ಆದರೂ ಗುಡಿಸಲಿಂದ ಗುಡಿಸಲಿಗೆ ನುಸುಳಿ ಮಾಡಿಸಿದರು. 1951ರ ಮೇ 23ರಂದು ಅಲ್ಲೇ ತೀರಿಕೊಂಡರು. 2013ರಲ್ಲಿ ಅಮೆರಿಕ ಅವರಿಗೆ ತನ್ನ ಅತ್ಯುನ್ನತ ಶೌರ್ಯ ಪದಕ ಮೆಡಲ್ ಆಫ್ ಆನರ್ ಕೊಟ್ಟಿತು. ಗುರುತು ಸಿಗದ ಸೈನಿಕರ ಅವಶೇಷಗಳಲ್ಲಿ ಅವರ ಮೂಳೆ ಪತ್ತೆಯಾದದ್ದು 2021ರಲ್ಲಿ.

ಆ ತಗಡಿನ ಪಾತ್ರೆ, ಆ ಬಿಸಿನೀರು. ಕಪಾನ್‌ರ ಪೌರೋಹಿತ್ಯ ಅಂದರೆ ನನಗೆ ನೆನಪಾಗುವುದು ಅದೇ.

ಇಲ್ಲಿಯವರೆಗೆ ಹೇಳಿದ್ದು ಒಂದು ಮಗ್ಗುಲು. ಇನ್ನೊಂದು ಮಗ್ಗುಲು ಹೇಳದೆ ಹೋದರೆ ನಾನು ನಿಮಗೆ ಮೋಸ ಮಾಡಿದಂತೆ. 1945ರಲ್ಲಿ ಪೆಸಿಫಿಕ್ ಸಾಗರದ ಟಿನಿಯನ್ ದ್ವೀಪದಿಂದ ಅಣುಬಾಂಬ್ ಹೊತ್ತ ಅಮೆರಿಕದ ವಿಮಾನಗಳು ಹಾರಿದವು. ಆ ಪಡೆಗೂ ಧರ್ಮಗುರುಗಳಿದ್ದರು. ಹಿರೋಶಿಮಾಕ್ಕೆ ಹೊರಡುವ ಮುಂಚೆ ಪ್ರಾರ್ಥನೆಯೂ ನಡೆಯಿತು. ಅಲ್ಲಿದ್ದ ಕ್ಯಾಥೋಲಿಕ್ ಪಾದ್ರಿ ಜಾರ್ಜ್ ಜಬೆಲ್ಕ. ಮೂರು ದಿನದ ಮೇಲೆ ನಾಗಸಾಕಿಯ ಉರಕಾಮಿಯಲ್ಲಿ ಕ್ಯಾಥೋಲಿಕ್ ಪ್ರಧಾನ ಚರ್ಚೂ ಸುಟ್ಟುಹೋಯಿತು, ಅಲ್ಲಿನ ಭಕ್ತರೂ ಸತ್ತರು. ಎಷ್ಟೋ ವರ್ಷಗಳ ನಂತರ ಜಬೆಲ್ಕ ಬಹಿರಂಗವಾಗಿ ಹೇಳಿದರು, ಆಗ ನಾನು ಬಾಯಿ ಬಿಡಬೇಕಿತ್ತು, ಬಿಡಲಿಲ್ಲ ಎಂದು. ಉಳಿದ ಬದುಕನ್ನು ಯುದ್ಧದ ವಿರುದ್ಧ ಮಾತಾಡುತ್ತಲೇ ಕಳೆದರು.

ಇಲ್ಲೇ ನನ್ನ ಪ್ರಶ್ನೆ. ಧರ್ಮಗುರು ಯಾರ ಕಡೆ? ಸಂಬಳ ಸೈನ್ಯದ್ದು, ದರ್ಜೆ ಸೈನ್ಯದ್ದು, ಊಟ ಸೈನ್ಯದ್ದು. ಕಮಾಂಡರ್ ಗೆಲುವು ಬೇಡಿಕೊಳ್ಳಿ ಅಂದರೆ ಆಗುವುದಿಲ್ಲ ಅನ್ನುವುದು ಕಷ್ಟ. ಆದರೆ ಅವನು ಆಯುಧಕ್ಕೆ ಕುಂಕುಮ ಹಚ್ಚುವುದಕ್ಕಷ್ಟೇ ಇದ್ದರೆ, ಕೆಸರಿನಲ್ಲಿ ಹೂತವನ ಪಕ್ಕ ಕೂರುವ ಯೋಗ್ಯತೆ ಉಳಿಯುವುದಿಲ್ಲ. ಅವನು ಸೈನಿಕನ ಕಡೆಯವನಾಗಿರಬೇಕು. ಯುದ್ಧದ ಕಡೆಯವನಾಗಬಾರದು. ಈ ಎರಡರ ನಡುವೆ ಗೆರೆ ಎಳೆಯುವುದು ದಿನದಿನದ ಕೆಲಸ. ಧರ್ಮಗುರು ಹೋರಾಟಗಾರನಲ್ಲ ಅಂತ ಜಿನೀವಾ ಕಾನೂನು ಹೇಳುವುದೂ ಈ ಕಾರಣಕ್ಕೇ ಎಂದು ನನಗನಿಸುತ್ತದೆ.

ಯುದ್ಧ ಮುಗಿದ ಮೇಲೆ ಜರ್ಮನಿಯ ನ್ಯೂರೆಂಬರ್ಗಿನಲ್ಲಿ ಹೆನ್ರಿ ಗೆರೆಕ್ ಎಂಬ ಅಮೆರಿಕನ್ ಪಾದ್ರಿಗೆ ಇನ್ನೂ ಕಠಿಣ ಕೆಲಸ ಬಂತು. ವಿಚಾರಣೆಯಲ್ಲಿದ್ದ ನಾಜಿ ನಾಯಕರಿಗೇ ಧರ್ಮಗುರು ಆಗಬೇಕು. ಗೆರೆಕ್‌ರ ಸ್ವಂತ ಮಕ್ಕಳು ಅದೇ ಯುದ್ಧದಲ್ಲಿ ಗಾಯಗೊಂಡಿದ್ದರು. ಆದರೂ ಒಪ್ಪಿದರು. ದಿನಾ ಸೆಲ್‌ಗಳಿಗೆ ಹೋದರು. ಆದರೆ ನಂಬಿಕೆಯೇ ಇಲ್ಲದ ಗೋರಿಂಗ್, ಹಿಟ್ಲರನ ಆಪ್ತ ನಾಯಕ, ಕೊನೆಗೆ ಪವಿತ್ರ ಪ್ರಸಾದ ಕೇಳಿದಾಗ ಕೊಡಲಿಲ್ಲ. ಜೊತೆಗೂ ನಿಂತರು, ಇಲ್ಲ ಅನ್ನಬೇಕಾದಲ್ಲಿ ಇಲ್ಲ ಅಂದರು. ಇಂಥವರೇ ನನಗೆ ಮಾದರಿ.

ಪ್ರಶ್ನೋತ್ತರದಿಂದ:

ಒಬ್ಬ ವಿದ್ಯಾರ್ಥಿ ಕೇಳಿದ್ದು, ದೇವರನ್ನೇ ನಂಬದ ಸೈನಿಕನಿಗೆ ಯಾರು ದಿಕ್ಕು ಅಂತ. ಒಳ್ಳೆಯ ಪ್ರಶ್ನೆ. ನೆದರ್‌ಲ್ಯಾಂಡ್ಸ್ ಸೈನ್ಯದಲ್ಲಿ 1964ರಿಂದಲೇ ಯಾವ ಧರ್ಮಕ್ಕೂ ಸೇರದ ಮಾನವತಾವಾದಿ ಸಲಹೆಗಾರರು ಇದ್ದಾರೆ. ಪಾದ್ರಿಗಳ ಸಮಕ್ಕೆ ಕೆಲಸ ಮಾಡುತ್ತಾರೆ. ದೇವರ ಮಾತು ಬೇಡದವನಿಗೂ ಮನುಷ್ಯ ಬೇಕಲ್ಲ.

ಸಿಯಾಚಿನ್‌ನಲ್ಲಿದ್ದು ಬಂದ ಮಾಜಿ ಸೈನಿಕರೊಬ್ಬರು ಎದ್ದು, 'ಸರ್, ಒ.ಪಿ. ಬಾಬಾನ ವಿಷಯ ಹೇಳಲೇ ಇಲ್ಲ' ಅಂದರು. ಒ.ಪಿ. ಬಾಬಾ ಅಂದರೆ ಹಿಮದಲ್ಲಿ ಕಣ್ಮರೆಯಾಗಿ ಈಗಲೂ ತಮ್ಮನ್ನು ಕಾಯುತ್ತಾನೆ ಎಂದು ಸೈನಿಕರು ನಂಬುವ ಓಂ ಪ್ರಕಾಶ್ ಎಂಬ ಸೈನಿಕ. ಬೇಸ್ ಕ್ಯಾಂಪಿನಲ್ಲಿ ಅವನ ಮಂದಿರ ಇದೆ. ಹಿಮದ ಮೇಲಿನ ಪೋಸ್ಟ್‌ಗೆ ಹೋಗುವ ಪ್ರತಿ ತುಕಡಿಯೂ ಬಾಬಾನ ಮುಂದೆ ರಿಪೋರ್ಟ್ ಮಾಡಿಯೇ ಹೋಗುತ್ತದೆ, ಇಳಿದು ಬಂದ ಮೇಲೂ ರಿಪೋರ್ಟ್ ಮಾಡುತ್ತದೆ. ಎಲ್ಲ ಧರ್ಮದವರೂ. ಅವರು ಇದನ್ನು ಹೇಳುವಾಗ ಸಭೆಯಲ್ಲಿದ್ದ ಇನ್ನಿಬ್ಬರು ಮಾಜಿ ಸೈನಿಕರು ತಲೆದೂಗುತ್ತಿದ್ದರು. ಧರ್ಮಗುರು ತಲುಪದ ಎತ್ತರದಲ್ಲಿ ಸೈನಿಕರು ತಮಗೆ ಬೇಕಾದ್ದನ್ನು ತಾವೇ ಮಾಡಿಕೊಂಡಿದ್ದಾರೆ. ನಾನು ಸೇರಿಸುವುದಕ್ಕೆ ಏನೂ ಇರಲಿಲ್ಲ.

ಕೊನೆಗೆ ಎನ್‌ಸಿಸಿಯ ಒಬ್ಬ ಹುಡುಗಿ, ಈ ಹುದ್ದೆಗೆ ನಾವು ಅರ್ಜಿ ಹಾಕಬಹುದಾ ಎಂದು ಕೇಳಿದಳು. ನಮ್ಮಲ್ಲಿ ಧರ್ಮಗುರು ಹುದ್ದೆಗೆ ಗಂಡಸರನ್ನು ಮಾತ್ರ ಕರೆಯುತ್ತಾರೆ. ಅಮೆರಿಕದ ನೌಕಾಪಡೆಗೆ 1973ರಲ್ಲಿ, ಭೂಸೇನೆಗೆ 1974ರಲ್ಲಿ ಮೊದಲ ಮಹಿಳಾ ಧರ್ಮಗುರು ಬಂದರು. ನಮ್ಮ ಸೇನೆಯ ಮಿಲಿಟರಿ ಪೊಲೀಸ್ ದಳದಲ್ಲಿ ಈಗ ಹೆಣ್ಣುಮಕ್ಕಳು ಜವಾನರಾಗಿಯೇ ಇದ್ದಾರೆ, ಮೊದಲ ತಂಡ 2021ರಲ್ಲಿ ಬೆಂಗಳೂರಿನಲ್ಲಿ ತರಬೇತಿ ಮುಗಿಸಿತು. ಅವರಲ್ಲಿ ಒಬ್ಬಳಿಗೆ ರಾತ್ರಿ ನಿದ್ದೆ ಬಾರದಿದ್ದರೆ, ಯಾರಿಗೂ ಹೇಳಲಾಗದ ಸಂಗತಿ ಇದ್ದರೆ, ಅವಳು ಯಾರ ಹತ್ತಿರ ಹೋಗಿ ಕೂರಬೇಕು? ಈ ಕೆಲಸಕ್ಕೆ ಹೆಂಗಸರನ್ನೂ ತೆಗೆದುಕೊಳ್ಳಬೇಕು. ಅದನ್ನು ಅವಳಿಗೂ ಹೇಳಿದೆ, ಇಲ್ಲೂ ಬರೆಯುತ್ತಿದ್ದೇನೆ.